ಸಂಘದ ಕಾರ್ಯದರ್ಶಿ: ಅಂದು – ಇಂದು



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ನಮ್ಮನ್ನು ಕೇಳಿದರು. ಅಧ್ಯಕ್ಷರುಗಳ ಬಗ್ಗೆ, ಕಟ್ಟಡದ ಬಗ್ಗೆ, ಕೊಟ್ಟ ಬೋನಸ್ ಬಗ್ಗೆ ಬರೆಯುವವರು ಬೇರೆ ಇದ್ದಾರೆ, ಅವರ ಭಾವಚಿತ್ರಗಳೂ ಇರುತ್ತವೆ. ನಾವು ಬರೆಯಲು ಹೊರಟಿರುವುದು ಇಂಥ ಗುಂಪು ಫೋಟೋಗಳಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಅರ್ಧ ಮುಖ ಕಾಣುವ ಹಾಗೆ ನಿಂತಿರುವ ಮನುಷ್ಯನ ಬಗ್ಗೆ. ಅವರೇ ಸಂಘದ ಕಾರ್ಯದರ್ಶಿ. ಈಗ ಕಾಗದ ಪತ್ರಗಳಲ್ಲಿ ‘ಮುಖ್ಯ ಕಾರ್ಯನಿರ್ವಾಹಕ’ ಎಂದು ಬರೆಯುತ್ತಾರೆ. ಹೆಸರು ದೊಡ್ಡದಾಯಿತು, ಕುರ್ಚಿ ಹಳೆಯದೇ.

ಯಾವ ಸಂಘದ ಆಡಳಿತ ಮಂಡಳಿ ಸಭೆಗೆ ಹೋದರೂ ಕಾರ್ಯದರ್ಶಿಯ ಸಂಬಳದ ವಿಷಯ ಬಂದಾಗ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷದವರು, “ಆ ಮನುಷ್ಯನ್ನ ಚೆನ್ನಾಗಿ ಇಟ್ಕಳಿ, ಕೆಲಸ ತಾನಾಗೇ ಚೆನ್ನಾಗಿ ಆಗ್ತದೆ” ಅಂತಾರೆ. ಇನ್ನೊಂದು ಪಕ್ಷದವರು, “ಮೊದ್ಲು ಕೆಲಸ ಮಾಡಿ ತೋರಿಸ್ಲಿ, ಆಮೇಲೆ ಸಂಬಳದ ಮಾತು” ಅಂತಾರೆ. ಟೀ ಬರುವ ತನಕ ಈ ವಾದ ನಡೆದು, ಟೀ ಬಂದ ಮೇಲೆ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಈ ವಾದ ಸಹಕಾರ ಚಳವಳಿಯಷ್ಟೇ ಹಳೆಯದು. ಆದ್ದರಿಂದ ಬುಡದಿಂದಲೇ ಶುರು ಮಾಡುತ್ತೇವೆ.

ನಮ್ಮ ಸತ್ತೇಗಾಲ, ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನವರದ್ದು ಎಂಬುದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಕಾವೇರಿಯ ಆಚೆ ದಡ ಮೈಸೂರು ಮಹಾರಾಜರದ್ದು, ಈಚೆ ದಡ ಬ್ರಿಟಿಷರ ಕೊಯಮತ್ತೂರು ಜಿಲ್ಲೆ. ಮೈಸೂರಿನವರು ಸಹಕಾರಕ್ಕೆ 1905ರಲ್ಲಿ ತಮ್ಮದೇ ಕಾಯಿದೆ ಮಾಡಿಕೊಂಡರು. ನಮಗೆ ಮದ್ರಾಸಿನ ಕಾಯಿದೆ. ಸೇತುವೆ ದಾಟಿದರೆ ಕಾನೂನೇ ಬೇರೆ.

ಇದರಲ್ಲಿ ನಮಗೆ ಹೆಮ್ಮೆಯ ಸಂಗತಿ ಒಂದಿದೆ. ಇಡೀ ಇಂಡಿಯಾಕ್ಕೆ ಹಳ್ಳಿ ಸಹಕಾರ ಸಂಘದ ಯೋಚನೆ ತಂದುಕೊಟ್ಟವರಲ್ಲಿ ಮುಖ್ಯರಾದ ಫ್ರೆಡರಿಕ್ ನಿಕಲ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ಬರೆದವರು. ಅದು 1887ರಲ್ಲಿ ಅಚ್ಚಾಯಿತು. ನಮ್ಮ ತಾಲ್ಲೂಕೂ ಆ ಜಿಲ್ಲೆಯ ಒಳಗೇ ಇತ್ತು. ರೈತರು ಸಾಲದಲ್ಲಿ ಮುಳುಗಿದ್ದಾರೆ, ಏನಾದರೂ ದಾರಿ ಹುಡುಕಿ ಎಂದು ಮದ್ರಾಸು ಸರ್ಕಾರ ಇವರನ್ನು ಯೂರೋಪಿಗೆ ಕಳಿಸಿತು. ಅವರು 1895 ಮತ್ತು 1897ರಲ್ಲಿ ಎರಡು ಸಂಪುಟ ವರದಿ ಕೊಟ್ಟರು. ಅಷ್ಟು ದಪ್ಪ ವರದಿಯ ಸಾರ ಇಷ್ಟೇ: ರೈಫೈಸನ್‌ನಂಥ ಮನುಷ್ಯನನ್ನು ಹುಡುಕಿ.

ರೈಫೈಸನ್ ಎಂದರೆ ಜರ್ಮನಿಯ ಒಬ್ಬ ಹಳ್ಳಿ ಪಂಚಾಯ್ತಿ ಮುಖ್ಯಸ್ಥ. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬ ಊರಿನಲ್ಲಿ ರೈತರ ಸಾಲದ ಸಂಘ ಕಟ್ಟಿದ. ಅವನ ನಿಯಮದಲ್ಲಿ ಸಂಘದ ಆಡಳಿತ ಮಾಡುವವರು ಯಾರೂ ಕಾಸು ಮುಟ್ಟಬಾರದು, ಎಲ್ಲಾ ಗೌರವ ಸೇವೆ. ಆದರೆ ಲೆಕ್ಕ ಬರೆಯುವವನೊಬ್ಬನಿಗೆ ಮಾತ್ರ ಕೂಲಿ ಕೊಡಬೇಕು. ಇದನ್ನು ನಮ್ಮ ಸದಸ್ಯರು ಗಮನಿಸಬೇಕು. ಸೇವೆ ಸೇವೆ ಎಂದು ಹೇಳಿದ ಆ ಪುಣ್ಯಾತ್ಮನಿಗೂ ಲೆಕ್ಕ ಬರೆಯುವವನ ಹೊಟ್ಟೆ ತುಂಬದಿದ್ದರೆ ಲೆಕ್ಕ ತುಂಬುವುದಿಲ್ಲ ಎಂಬುದು ಗೊತ್ತಿತ್ತು.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮದ್ರಾಸಿನ ಕಡೆ ತಿರೂರಿನಲ್ಲಿ ಅದೇ ವರ್ಷ, ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರಿಂದ, ಸಂಘಗಳು ಹುಟ್ಟಿದವು. ಇಲ್ಲಿಗೆ ಬರುವಷ್ಟರಲ್ಲಿ ರೈಫೈಸನ್ ಹೇಳಿದ ‘ಗೌರವ ಸೇವೆ’ ಉಳಿಯಿತು, ಲೆಕ್ಕದವನ ಕೂಲಿ ತೇಲಿಹೋಯಿತು. ಹಳ್ಳಿಯಲ್ಲಿ ಓದುಬರಹ ಬಲ್ಲವರೇ ನಾಲ್ಕು ಜನ. ಅವರಲ್ಲಿ ಶಾಲೆ ಮೇಷ್ಟ್ರನ್ನೋ ಶಾನುಭೋಗರನ್ನೋ ಹಿಡಿದು ಕಾರ್ಯದರ್ಶಿ ಮಾಡುತ್ತಿದ್ದರು. ಅವರು ಶಾಲೆ ಬಿಟ್ಟ ಮೇಲೆ ದೀಪದ ಬೆಳಕಿನಲ್ಲಿ ಪುಸ್ತಕ ಬರೆಯಬೇಕು, ತಗಾದೆಗೆ ಹೋಗಬೇಕು, ಇನ್‌ಸ್ಪೆಕ್ಟರ್ ಬಂದರೆ ಊಟ ಹಾಕಬೇಕು. ವರ್ಷದ ಕೊನೆಗೆ ಒಂದಷ್ಟು ಸಂಭಾವನೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಷ್ಠೆಯಿಂದ ಮಾಡಿದವರು ಬೇಕಾದಷ್ಟು ಜನ. ದಕ್ಷಿಣ ಕನ್ನಡದಲ್ಲಿ ವಕೀಲಿಕೆ ಮಾಡುತ್ತಿದ್ದ ಮೊಳಹಳ್ಳಿ ಶಿವರಾಯರು ಸಹಕಾರಕ್ಕೇ ಜೀವ ತೇಯ್ದು ಆ ಜಿಲ್ಲೆಯ ಸಹಕಾರ ಪಿತಾಮಹ ಎನಿಸಿಕೊಂಡರು. ಆದರೆ ಒಬ್ಬ ಶಿವರಾಯರನ್ನು ತೋರಿಸಿ ಊರೂರಿಗೂ ಅಂಥವರು ಸಿಗುತ್ತಾರೆ ಅಂದುಕೊಂಡರೆ ಅದು ನಡೆಯುವ ಮಾತಲ್ಲ.

ನಡೆಯಲೂ ಇಲ್ಲ. ಐವತ್ತು ವರ್ಷ ಕಳೆದ ಮೇಲೆ ರಿಸರ್ವ್ ಬ್ಯಾಂಕಿನವರು ಗೋರ್ವಾಲಾ ಎಂಬುವರ ಅಧ್ಯಕ್ಷತೆಯಲ್ಲಿ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿಸಿದರು. 1954ರಲ್ಲಿ ವರದಿ ಬಂತು. ರೈತ ತರುವ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘದಿಂದ ಬರುತ್ತಿದ್ದದ್ದು ಸುಮಾರು ಮೂರು ರೂಪಾಯಿ. ಎಪ್ಪತ್ತರಷ್ಟು ಲೇವಾದೇವಿಯವರದ್ದೇ. ಸಂಘಗಳು ಸೋತದ್ದಕ್ಕೆ ಅವರು ಹಲವು ಕಾರಣ ಕೊಟ್ಟಿದ್ದಾರೆ. ಸಂಘಗಳು ತೀರಾ ಚಿಕ್ಕವು, ಬಂಡವಾಳ ಇಲ್ಲ ಎಂಬುದರ ಜೊತೆಗೆ, ತರಬೇತಿ ಪಡೆದ, ಸಂಬಳದ ನೌಕರ ಇಲ್ಲ ಎಂಬುದೂ ಒಂದು. ಸಂಘವನ್ನು ದೊಡ್ಡದು ಮಾಡಿ, ಒಬ್ಬ ಮ್ಯಾನೇಜರನಿಗೆ ಸಂಬಳ ಕೊಡುವಷ್ಟು ವಹಿವಾಟು ಇರುವ ಹಾಗೆ ಕಟ್ಟಿ ಎಂದು ಅವರು ಹೇಳಿದರು.

ಅಷ್ಟರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1959ರ ಸಹಕಾರ ಸಂಘಗಳ ಅಧಿನಿಯಮ 1960ರ ಜೂನ್‌ನಿಂದ ಜಾರಿಯಾಗಿ ನದಿಯ ಎರಡು ದಡಕ್ಕೂ ಒಂದೇ ಕಾನೂನಾಯಿತು. ಆಮೇಲೆ ಹಲವು ರಾಜ್ಯಗಳಲ್ಲಿ ಪತ್ತಿನ ಸಂಘದ ಕಾರ್ಯದರ್ಶಿಗಳಿಗೆ ಒಂದು ಭದ್ರತೆ ಇರಲೆಂದು ‘ಕೇಡರ್’ ಪದ್ಧತಿ ಬಂತು. ಅಂದರೆ ನೇಮಕ, ವರ್ಗಾವಣೆ ಎಲ್ಲಾ ಮೇಲಿನಿಂದ. ಸಂಬಳ ಮಾತ್ರ ಸಂಘ ಕಟ್ಟಬೇಕು. ನೌಕರನಿಗೆ ಧೈರ್ಯ ಬಂತು, ನಿಜ. ಆದರೆ ಅವನ ನೋಟ ಸದಸ್ಯನ ಕಡೆಯಿಂದ ಮೇಲಿನ ಆಫೀಸಿನ ಕಡೆಗೆ ತಿರುಗಿತು. ಸಂಘ ನಷ್ಟದಲ್ಲಿದ್ದರೂ ಸಂಬಳ ಬರಬೇಕು, ಸದಸ್ಯರು ಕೇಳುವ ಹಾಗಿಲ್ಲ. 2005ರಲ್ಲಿ ವರದಿ ಕೊಟ್ಟ ವೈದ್ಯನಾಥನ್ ಸಮಿತಿ ಈ ಕೇಡರ್ ಪದ್ಧತಿ ತೆಗೆದುಹಾಕಿ, ಕಾರ್ಯದರ್ಶಿ ಸಂಘಕ್ಕೇ ಉತ್ತರ ಕೊಡುವಂತೆ ಮಾಡಿ ಎಂದಿತು. ಆದ್ದರಿಂದ ‘ಭದ್ರತೆ ಕೊಟ್ಟುಬಿಟ್ಟರೆ ಕೆಲಸ ತಾನಾಗೇ’ ಎನ್ನುವ ಪಕ್ಷದವರೂ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ನೆಮ್ಮದಿ ಬೇರೆ, ಕೆಲಸದಲ್ಲಿ ತೃಪ್ತಿ ಬೇರೆ.

ಇದಕ್ಕೆ ನಮ್ಮ ಹೈನುಗಾರಿಕೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ವರ್ಗೀಸ್ ಕುರಿಯನ್ ಅವರ ಹೆಸರು ಕೇಳದ ಹಾಲಿನ ಸಂಘ ಇಲ್ಲ. ಆದರೆ ಅವರು ಗುಜರಾತಿನ ಆನಂದಕ್ಕೆ ಹೇಗೆ ಬಂದರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಬಂದದ್ದು ಇಷ್ಟಪಟ್ಟು ಅಲ್ಲ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿದ್ದಕ್ಕೆ ಕರಾರಿನಂತೆ ಸರ್ಕಾರ ಹೇಳಿದ ಕಡೆ ಕೆಲಸ ಮಾಡಬೇಕಿತ್ತು. 1949ರ ಮೇ ತಿಂಗಳಲ್ಲಿ ಆನಂದದ ಸರ್ಕಾರಿ ಕ್ರೀಮರಿಗೆ ಹಾಕಿದರು. ಅಲ್ಲಿ ಅವರಿಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಮಾಂಸ ತಿನ್ನುವ ಕ್ರಿಶ್ಚಿಯನ್, ಮದುವೆಯಾಗದ ಹುಡುಗ ಎಂದು ಊರಿನಲ್ಲಿ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ಗ್ಯಾರೇಜಿನಲ್ಲಿ ವಾಸ. ಯಾವಾಗ ಬಿಟ್ಟು ಹೋಗಲಿ ಎಂದು ರಾಜೀನಾಮೆ ಬರೆದು ಬರೆದು ಕಳಿಸುತ್ತಿದ್ದರು. ಸಂಬಳ ಬರುತ್ತಿತ್ತು, ಸರ್ಕಾರಿ ನೌಕರಿ ಬೇರೆ. ಮನಸ್ಸು ಮಾತ್ರ ಇಲ್ಲ.

ಪಕ್ಕದಲ್ಲೇ ಖೇಡಾ ಜಿಲ್ಲೆಯ ರೈತರು 1946ರ ಡಿಸೆಂಬರ್‌ನಲ್ಲಿ ನೋಂದಾಯಿಸಿದ ಹಾಲು ಒಕ್ಕೂಟ ಹಳೇ ಯಂತ್ರಗಳನ್ನು ಇಟ್ಟುಕೊಂಡು ಒದ್ದಾಡುತ್ತಿತ್ತು. ಅಧ್ಯಕ್ಷರು ತ್ರಿಭುವನದಾಸ್ ಪಟೇಲರು. ಯಂತ್ರ ಕೆಟ್ಟಾಗಲೆಲ್ಲಾ ಅವರು ಕುರಿಯನ್ನರನ್ನು ಕರೆಯುತ್ತಿದ್ದರು. ಕೊನೆಗೂ ಸರ್ಕಾರ ರಾಜೀನಾಮೆ ಒಪ್ಪಿಕೊಂಡು ಇವರು ಗಂಟುಮೂಟೆ ಕಟ್ಟುವಾಗ ಪಟೇಲರು, ಸ್ವಲ್ಪ ದಿನ ಇದ್ದು ಹೊಸ ಯಂತ್ರ ಕೂರಿಸಿಕೊಟ್ಟು ಹೋಗಿ ಎಂದರು. ಆ ಸ್ವಲ್ಪ ದಿನ ಜೀವಮಾನವಾಯಿತು. 1950ರಲ್ಲಿ ಒಕ್ಕೂಟದ ಮ್ಯಾನೇಜರ್ ಆದರು. ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಎಂದು ಪರದೇಶದ ತಜ್ಞರು ಹೇಳಿದ್ದನ್ನು ಎಚ್.ಎಂ. ದಲಾಯ ಎಂಬ ಗೆಳೆಯರ ಜೊತೆ ಸೇರಿ ಸುಳ್ಳು ಮಾಡಿ, 1955ರಲ್ಲಿ ನೆಹರೂ ಅವರಿಂದ ಪುಡಿ ಕಾರ್ಖಾನೆ ಉದ್ಘಾಟನೆ ಮಾಡಿಸಿದರು. 1964ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಬಂದು ಅಜರ್‌ಪುರ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿ ಎಲ್ಲಾ ಕಣ್ಣಾರೆ ನೋಡಿ, ಇದೇ ಮಾದರಿ ದೇಶಕ್ಕೆಲ್ಲಾ ಬೇಕು ಎಂದರು. ಮುಂದಿನ ವರ್ಷವೇ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹುಟ್ಟಿತು.

ಅದೇ ಊರು, ಅದೇ ಮನುಷ್ಯ. ಗ್ಯಾರೇಜಿನಲ್ಲಿದ್ದವನು ಬಂಗಲೆಗೆ ಹೋದ ಮೇಲೆ ಬದಲಾದದ್ದಲ್ಲ. ಬದಲಾದದ್ದು ಏನೆಂದರೆ, ಮಾಡಿದ ಕೆಲಸ ಯಾರಿಗೆ ತಲುಪುತ್ತದೆ ಎಂಬುದು ದಿನಾ ಬೆಳಗ್ಗೆ ಕಣ್ಣಿಗೆ ಕಾಣಿಸಿತು. ಇನ್ನೊಂದು, ಪಟೇಲರು ರೈತರನ್ನು, ರಾಜಕೀಯದವರನ್ನು ತಾವು ನೋಡಿಕೊಂಡು ಯಂತ್ರ, ವ್ಯಾಪಾರದ ವಿಷಯಕ್ಕೆ ಕೈ ಹಾಕಲಿಲ್ಲ. ನಿರ್ದೇಶಕರಾದ ನಾವು ಇದನ್ನು ಎರಡು ಸಲ ಓದಿಕೊಳ್ಳಬೇಕು!

ಇದೇ ಆನಂದ ಮಾದರಿ ನಮ್ಮ ರಾಜ್ಯಕ್ಕೆ ಬಂದದ್ದು 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮದ ಮೂಲಕ, ವಿಶ್ವಬ್ಯಾಂಕಿನ ನೆರವಿನಲ್ಲಿ. ಅದೇ 1984ರಲ್ಲಿ ಕೆ.ಎಂ.ಎಫ್. ಆಯಿತು. ಮೊದಲು ನಾವೆಲ್ಲಾ ಮೈಸೂರು ಒಕ್ಕೂಟ, ಈಗ ಕುದೇರಿನ ಚಾಮರಾಜನಗರ ಒಕ್ಕೂಟ. ಈ ಮಾದರಿಯಲ್ಲಿ ಹಳ್ಳಿ ಸಂಘದ ಕಾರ್ಯದರ್ಶಿ ಸರ್ಕಾರದ ನೌಕರನೂ ಅಲ್ಲ, ಒಕ್ಕೂಟದ ನೌಕರನೂ ಅಲ್ಲ. ಸಂಘದ ನೌಕರ. ಹಾಲು ಹೆಚ್ಚು ಬಂದು ಲಾಭ ಉಳಿದರೆ ಅವರಿಗೂ ಉಂಟು, ಇಲ್ಲದಿದ್ದರೆ ಒಣಗಬೇಕು. ಮೇಲೆ ಹೇಳಿದ ಕೇಡರಿನ ದೋಷ ಇದರಲ್ಲಿಲ್ಲ, ಆದರೆ ಕೇಡರಿನ ಭದ್ರತೆಯೂ ಇಲ್ಲ.

ಕೆಲಸವಾದರೂ ಎಂಥದ್ದು ಎಂದು ನೋಡಿ. ಹಸುವಿಗೆ ಭಾನುವಾರ ಗೊತ್ತಿಲ್ಲ. ಯುಗಾದಿ, ದೀಪಾವಳಿ, ಚಿಕ್ಕಲ್ಲೂರು ಜಾತ್ರೆ ಯಾವುದೂ ಅದಕ್ಕಿಲ್ಲ. ಬೆಳಗ್ಗೆ, ಸಂಜೆ, ಮುನ್ನೂರ ಅರವತ್ತೈದು ದಿನ. 2020ರಲ್ಲಿ ಕೊರೋನಾ ಬಂದು ದೇಶವೇ ಬಾಗಿಲು ಹಾಕಿಕೊಂಡಾಗಲೂ ಹಾಲಿನ ಡೈರಿ ಬಾಗಿಲು ತೆಗೆದೇ ಇತ್ತು. ಹಿಂದೆ ಗರ್ಬರ್ ಪರೀಕ್ಷೆ ಇದ್ದ ಕಾಲದಲ್ಲಿ ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಆಲ್ಕೋಹಾಲ್ ಹಾಕಿ, ಕುಲುಕಿ, ಯಂತ್ರದಲ್ಲಿ ತಿರುಗಿಸಿ ಜಿಡ್ಡು ಓದಬೇಕಿತ್ತು. ಆಸಿಡ್ ಬಿದ್ದು ತೂತಾದ ಅಂಗಿ ಹಾಕದ ಪರೀಕ್ಷಕ ಆ ಕಾಲದಲ್ಲಿ ಕಡಿಮೆ. ಈಗ ಕಂಪ್ಯೂಟರ್ ಬಂದು ಜಿಡ್ಡು, ಎಸ್.ಎನ್.ಎಫ್. ಎಲ್ಲಾ ಕ್ಷಣದಲ್ಲಿ ಚೀಟಿಯಲ್ಲಿ ಬರುತ್ತದೆ. ಆಸಿಡ್ ಹೋಯಿತು, ಅದರ ಜಾಗಕ್ಕೆ ಪಾಸ್‌ವರ್ಡ್ ಬಂತು. ಸರ್ಕಾರದ ಪ್ರೋತ್ಸಾಹಧನ ಸದಸ್ಯರ ಖಾತೆಗೆ ನೇರ ಹೋಗಬೇಕಾದರೆ ಒಂದು ಅಂಕಿ ತಪ್ಪಿದರೂ ಹೋಗುವುದಿಲ್ಲ, ಬೈಗುಳ ಮಾತ್ರ ನೇರವಾಗಿ ಕಾರ್ಯದರ್ಶಿಗೆ ಬರುತ್ತದೆ. 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ವರ್ಷಕ್ಕೆ 60 ರೂಪಾಯಿಯಂತೆ ಮನೆಮನೆಗೆ ಹೋಗಿ ವಂತಿಗೆ ಕಟ್ಟಿಸಿದವರು ಯಾರು? ಹಳ್ಳಿ ಹಳ್ಳಿಯ ಸಂಘದ ಕಾರ್ಯದರ್ಶಿಗಳೇ. ಆ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದಾಗಲೂ ಅವರೇ ಅರ್ಜಿ ಬರೆದರು.

ಇದೆಲ್ಲಾ ಮೈ ದುಡಿಮೆ. ಮನಸ್ಸಿನ ದುಡಿಮೆ ಬೇರೆ ಇದೆ. ಸ್ವಂತ ಚಿಕ್ಕಪ್ಪನೇ ಕ್ಯಾನು ತಂದು ನಿಂತಿರುತ್ತಾರೆ. ಲ್ಯಾಕ್ಟೋಮೀಟರ್ ಇಳಿದುಬಿಡುತ್ತದೆ. “ನೀರು ಬಿದ್ದದೆ ಕನಪ್ಪಾ” ಎಂದು ಹತ್ತು ಜನರ ಎದುರಿಗೆ ಹೇಳಬೇಕು. ಹೇಳಿದರೆ ಮನೆಯ ಮದುವೆಗೆ ಕರೆಯುವುದಿಲ್ಲ. ಹೇಳದಿದ್ದರೆ ಒಕ್ಕೂಟದಲ್ಲಿ ಇಡೀ ಊರಿನ ಹಾಲಿನ ದರ್ಜೆ ಬೀಳುತ್ತದೆ, ನೀರು ಹಾಕದವನೂ ದಂಡ ತೆರಬೇಕು. ಪತ್ತಿನ ಸಂಘದ ಕಾರ್ಯದರ್ಶಿ ಸಾಲ ವಸೂಲಿಗೆ ಹೊರಟರೆ, ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೋದ ಸಿದ್ದಪ್ಪಾಜಿಯ ಪಾಡೇ. ಒಂದು ಮನೆಯಲ್ಲೂ ಒಳ್ಳೆ ಮಾತಿಲ್ಲ. 1990ರ ಸಾಲ ಮನ್ನಾದಿಂದ ಹಿಡಿದು 2008, 2018ರ ಮನ್ನಾಗಳ ತನಕ, ಘೋಷಣೆ ಮಾಡಿದವರಿಗೆ ಹಾರ ಬಿತ್ತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಕೋಪ ಕಾರ್ಯದರ್ಶಿಯ ತಲೆಗೆ ಬಿತ್ತು. ಮಹಿಳಾ ಸಂಘಗಳ ಕಾರ್ಯದರ್ಶಿಗಳ ಪಾಡು ಇನ್ನೂ ಕಷ್ಟ. ಊರಿನವರ ಹಾಲು ಅಳೆಯುವ ಹೊತ್ತಿಗೇ ತಮ್ಮ ಮನೆಯ ಹಸು ಕರೆಯಬೇಕು, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು.

ಇಂಥ ಕೆಲಸದಲ್ಲಿ ಮನಸ್ಸಿಗೂ ಕೆಲಸಕ್ಕೂ ಏನು ಸಂಬಂಧ ಎಂದು ಪರದೇಶದವರು ನೂರು ವರ್ಷದಿಂದ ಶೋಧನೆ ಮಾಡಿದ್ದಾರಂತೆ. ನಮ್ಮದು ಎಸ್.ಎಸ್.ಎಲ್.ಸಿ. ಓದು. ಇದೆಲ್ಲಾ ಎಂ.ಬಿ.ಎ. ಮಾಡಿದ ನಮ್ಮೂರ ಹುಡುಗರನ್ನು ಕೂರಿಸಿಕೊಂಡು ಕೇಳಿ ತಿಳಿದದ್ದು. ಅಮೆರಿಕದ ಷಿಕಾಗೋ ಹತ್ತಿರ ಹಾಥಾರ್ನ್ ಎಂಬ ಟೆಲಿಫೋನ್ ಸಾಮಾನಿನ ಕಾರ್ಖಾನೆಯಲ್ಲಿ 1924ರಲ್ಲಿ, ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುತ್ತದೆಯೇ ಎಂದು ನೋಡಲು ಹೊರಟರು. ಬೆಳಕಿಗೂ ಕೆಲಸಕ್ಕೂ ನೇರ ಲೆಕ್ಕ ಸಿಗಲಿಲ್ಲ. ನಮ್ಮನ್ನು ಯಾರೋ ವಿಚಾರಿಸುತ್ತಿದ್ದಾರೆ, ನಮ್ಮ ಮಾತು ಕೇಳುತ್ತಿದ್ದಾರೆ ಎಂಬುದೇ ಕೆಲಸ ಹೆಚ್ಚಿಸಿತು ಎಂದು ಅದರಿಂದ ಹಲವರು ಅರ್ಥ ಮಾಡಿದರು. ಅದನ್ನು ಒಪ್ಪದವರೂ ಇದ್ದಾರೆ.

ನಮಗೆ ಹೆಚ್ಚು ಹಿಡಿಸಿದ್ದು ಹರ್ಜ್‌ಬರ್ಗ್ ಎಂಬುವರದ್ದು. ಅವರು ಪಿಟ್ಸ್‌ಬರ್ಗ್ ಊರಿನ ಕಡೆ ಸುಮಾರು 200 ಮಂದಿ ಎಂಜಿನಿಯರ್‌ಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಪುಸ್ತಕ ತಂದರು. ಲೆಕ್ಕಿಗರು ಎಂದರೆ ನಮ್ಮ ಕಾರ್ಯದರ್ಶಿಗಳ ಜಾತಿಯೇ ಆಯಿತಲ್ಲ. ಬೇಸರ ತರುವ ಸಂಗತಿಗಳು ಬೇರೆ, ತೃಪ್ತಿ ತರುವ ಸಂಗತಿಗಳು ಬೇರೆ ಎಂಬುದು ಅವರ ಮಾತು. ಕಡಿಮೆ ಸಂಬಳ, ಮೇಲಿನವರ ಕಿರುಕುಳ, ಕೂರಲು ಜಾಗ ಇಲ್ಲದಿರುವುದು ಬೇಸರ ತರುತ್ತವೆ. ಇವನ್ನು ಸರಿಮಾಡಿದರೆ ಬೇಸರ ಹೋಗುತ್ತದೆ, ಅಷ್ಟೇ. ತೃಪ್ತಿ ಬರಬೇಕಾದರೆ ಜವಾಬ್ದಾರಿ, ಸಾಧಿಸಿದೆ ಎಂಬ ಭಾವನೆ, ಮಾಡಿದ್ದನ್ನು ಗುರುತಿಸುವವರು ಬೇಕು. ಕೇಡರ್ ಯಾಕೆ ಸೋತಿತು, ಗ್ಯಾರೇಜಿನ ಕುರಿಯನ್ ಯಾಕೆ ಗೆದ್ದರು ಎಂಬುದು ಇದರಿಂದ ನಮಗೆ ಅರ್ಥವಾಯಿತು.

ಇನ್ನು ‘ಮೊದಲು ಕೆಲಸ ಮಾಡಿ ತೋರಿಸಲಿ’ ಎನ್ನುವ ಪಕ್ಷದವರಿಗೂ ಆಧಾರ ಉಂಟು. ಲಾಲರ್, ಪೋರ್ಟರ್ ಎಂಬ ಇಬ್ಬರು 1967ರಲ್ಲಿ, ತೃಪ್ತಿಯಿಂದ ಕೆಲಸ ಅಲ್ಲ, ಒಳ್ಳೆ ಕೆಲಸ ಮಾಡಿ ಅದಕ್ಕೆ ತಕ್ಕ ಫಲ ಸಿಕ್ಕಿದಾಗ ತೃಪ್ತಿ ಬರುತ್ತದೆ ಎಂದರು. ಬೀಜ ಮೊದಲೋ ಮರ ಮೊದಲೋ ಎಂಬ ಹಾಗೆ. ಆದರೆ ಇವರ ಮಾತಿನಲ್ಲೂ ‘ತಕ್ಕ ಫಲ ಸಿಕ್ಕಿದಾಗ’ ಎಂಬ ಷರತ್ತು ಇದೆ. ನಮ್ಮವರು ಅದನ್ನು ಬಿಟ್ಟು ಉಳಿದದ್ದು ಮಾತ್ರ ಹೇಳುತ್ತಾರೆ. 2001ರಲ್ಲಿ ಇನ್ನು ಕೆಲವರು ಅಲ್ಲಿಯವರೆಗೆ ನಡೆದ ಶೋಧನೆಗಳಲ್ಲಿ 54,000ಕ್ಕೂ ಹೆಚ್ಚು ನೌಕರರ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ತೃಪ್ತಿಗೂ ಕೆಲಸಕ್ಕೂ ಸಂಬಂಧ ಉಂಟು, ಆದರೆ ಭಾರೀ ಬಿಗಿಯಾದದ್ದಲ್ಲ ಎಂದು ಬಂತು. ಹೇಳಿದ್ದನ್ನಷ್ಟೇ ಮಾಡುವ ಸರಳ ಕೆಲಸದಲ್ಲಿ ಸಡಿಲ, ತಾನೇ ತೀರ್ಮಾನ ಮಾಡಬೇಕಾದ ಜಟಿಲ ಕೆಲಸದಲ್ಲಿ ಬಿಗಿ. ಚಿಕ್ಕಪ್ಪನ ಕ್ಯಾನಿನ ಮುಂದೆ ನಿಂತ ಕಾರ್ಯದರ್ಶಿಯ ಕೆಲಸ ಯಾವ ಜಾತಿಗೆ ಸೇರಿದ್ದು ಎಂಬುದನ್ನು ಸದಸ್ಯರೇ ಹೇಳಲಿ.

ಇಷ್ಟೆಲ್ಲಾ ಬರೆದದ್ದು ಪಾಂಡಿತ್ಯಕ್ಕಲ್ಲ. ಸಂಘಗಳಲ್ಲಿ ಈಗ ನಡೆಯುತ್ತಿರುವುದು ಹೀಗೆ: ಓದಿದ ಹುಡುಗ ಬರುತ್ತಾನೆ, ಎರಡು ವರ್ಷ ಕೆಲಸ ಕಲಿಯುತ್ತಾನೆ, ಒಂದು ದಿನ ಮೈಸೂರಿಗೋ ಬೆಂಗಳೂರಿಗೋ ಫ್ಯಾಕ್ಟರಿ ಕೆಲಸಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ವಾರಕ್ಕೊಂದು ರಜೆ, ಪಿ.ಎಫ್., ಇ.ಎಸ್.ಐ. ಕಾರ್ಡು. ಇಲ್ಲಿ ಹೆಂಡತಿಯ ಹೆರಿಗೆಗೆ ಹೋಗಬೇಕಾದರೂ ಹಾಲು ಹಾಕಿಸಿಕೊಂಡೇ ಹೋಗಬೇಕು. ಅವನು ಹೋದ ಮೇಲೆ ಹೊಸಬ ಬಂದು ಕಲಿಯುವ ತನಕ ಪುಸ್ತಕ ಬಾಕಿ, ಆಡಿಟ್ ತಡ, ಬೋನಸ್ ತಡ. ಒಬ್ಬನ ಸಂಬಳದಲ್ಲಿ ಉಳಿಸಿದ ದುಡ್ಡು ಎಲ್ಲಿಗೆ ಹೋಯಿತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ತೃಪ್ತಿಯಾಗಿದ್ದಾನೆ ಎಂದು ಕಣ್ಣು ಮುಚ್ಚಿ ಕೂರುವುದೂ ತಪ್ಪು. ಬಹಳ ಸಂತೋಷವಾಗಿದ್ದುಕೊಂಡೇ ಸಂಘ ಮುಳುಗಿಸಿದ ಕಾರ್ಯದರ್ಶಿಗಳ ಕಥೆ ಎಲ್ಲಾ ತಾಲ್ಲೂಕಿನಲ್ಲೂ ಕೇಳಿದ್ದೇವೆ. ಹತ್ತು ದಿನಕ್ಕೊಮ್ಮೆ ನಗದು ಪುಸ್ತಕ ನೋಡುವುದು, ಸ್ಥಳೀಯ ಹಾಲು ಮಾರಾಟದ ದುಡ್ಡು ಎಣಿಸುವುದು ನಿರ್ದೇಶಕರ ಕರ್ತವ್ಯ. ನಿಜವಾದ ಕಾರ್ಯದರ್ಶಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಪುಸ್ತಕ ತೆರೆದೇ ಇಡುತ್ತಾನೆ. ಆದರೆ ನೀರು ಹಾಕಿದವನ ಹಾಲು ವಾಪಸ್ಸು ಕಳಿಸಿದ ದಿನ ಅವನ ಪಕ್ಕ ನಿಲ್ಲುವುದೂ ನಿರ್ದೇಶಕರ ಕರ್ತವ್ಯವೇ. ಆ ದಿನ ಮಾತ್ರ ನಮ್ಮಲ್ಲಿ ಹಲವರಿಗೆ ಗದ್ದೆಗೆ ನೀರು ಕಟ್ಟುವ ಕೆಲಸ ಬಂದುಬಿಡುತ್ತದೆ.

ಬರುವ ಸೆಪ್ಟೆಂಬರ್ ಒಳಗೆ ನಡೆಯಬೇಕಾದ ವಾರ್ಷಿಕ ಮಹಾಸಭೆಗೆ ಮೂರು ವಿಷಯ ತರಬೇಕೆಂದು ನಾವು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ತಿಂಗಳಿಗೆ ನಾಲ್ಕು ದಿನ ಕಾರ್ಯದರ್ಶಿಗೆ ರಜೆ, ಆ ದಿನಗಳಿಗೆ ತರಬೇತಿ ಕೊಟ್ಟ ಒಬ್ಬ ಬದಲಿ ಪರೀಕ್ಷಕ. ಸಂಘದ ಲಾಭದಲ್ಲಿ ಕಾನೂನಿನ ಪ್ರಕಾರ ಆಪದ್ಧನಕ್ಕೆ ತೆಗೆದಿಟ್ಟ ಮೇಲೆ ಉಳಿಯುವುದರಲ್ಲಿ ನೌಕರರ ಭವಿಷ್ಯ ನಿಧಿಗೆ ಒಂದು ಪಾಲು. ಮೂರನೆಯದು, ಕಲಬೆರಕೆ ಹಾಲಿನ ತೀರ್ಮಾನ ಕಾರ್ಯದರ್ಶಿಯದ್ದೇ ಅಂತಿಮ, ಅದರ ಮೇಲಿನ ತಕರಾರು ಡೈರಿ ಬಾಗಿಲಲ್ಲಿ ಅಲ್ಲ, ಮಂಡಳಿಗೆ ಬರಹದಲ್ಲಿ. ಇದಕ್ಕೆ ಆಗುವ ಖರ್ಚಿನ ಅಂದಾಜನ್ನು ಸೂಚನಾಪತ್ರದ ಜೊತೆಗೇ ಕೊಡಲು ಕೇಳಿದ್ದೇವೆ. ಲೀಟರಿಗೆ ಎಷ್ಟು ಪೈಸೆ ಬೀಳುತ್ತದೆ ಎಂಬುದನ್ನು ಸದಸ್ಯರು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಸಭೆಗೆ ಬರಬೇಕಾಗಿ ವಿನಂತಿ. ಟೀಯನ್ನು ಈ ಸಲ ಈ ವಿಷಯ ಮುಗಿದ ಮೇಲೆ ಕೊಡುವಂತೆಯೂ ಹೇಳಿದ್ದೇವೆ.